ಕೇಳದೆ ಮಾಡಿದ ರೆಕಾರ್ಡಿಂಗ್

ಲಾಕ್‌ಡೌನ್ ಮುಗಿದು ಚಿತ್ರಮಂದಿರಗಳು ಮತ್ತೆ ತುಂಬತೊಡಗಿದ್ದ ವರ್ಷ ಅದು. ಆಗ ನಾನು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ರೆಕಾರ್ಡಿಂಗ್ ಸ್ಟುಡಿಯೊ ನಡೆಸುತ್ತಿದ್ದೆ. ಸ್ಟುಡಿಯೊ ಎಂದ ಕೂಡಲೇ ದೊಡ್ಡದೇನೋ ಕಲ್ಪಿಸಿಕೊಳ್ಳಬೇಡಿ. ಬಾಡಿಗೆ ಮಹಡಿಯ ಎರಡು ಕೋಣೆ, ಗೋಡೆಗೆ ಫೋಮ್, ಬಾಗಿಲಿಗೆ ದಪ್ಪ ಕಂಬಳಿ. ಪಕ್ಕದ ಮನೆಯವರು ಕುಕ್ಕರ್ ಇಟ್ಟರೆ ನಾವು ಹಾಡು ನಿಲ್ಲಿಸಿ, ಸೀಟಿಗಳೆಲ್ಲ ಮುಗಿಯುವವರೆಗೆ ಸುಮ್ಮನೆ ಕೂರಬೇಕಿತ್ತು. ಭಜನೆ, ಭಾವಗೀತೆ, ಚಿನ್ನದಂಗಡಿಯ ಜಾಹೀರಾತು, ಚುನಾವಣೆ ಬಂದರೆ ಎಲ್ಲ ಪಕ್ಷಗಳ ಪ್ರಚಾರಗೀತೆ, ಯಾವುದನ್ನೂ ಬೇಡ ಎಂದವನಲ್ಲ. ಒಬ್ಬನೇ ಗಾಯಕ ಬೆಳಿಗ್ಗೆ ಒಬ್ಬ ಅಭ್ಯರ್ಥಿಯನ್ನು ಹೊಗಳಿ, ಊಟ ಮಾಡಿ ಬಂದು ಅವನ ಎದುರಾಳಿಯನ್ನು ಅಷ್ಟೇ ಭಕ್ತಿಯಿಂದ ಹೊಗಳಿದ್ದೂ ಉಂಟು. ಸಿನಿಮಾ ಕೆಲಸ ಮಾತ್ರ ನನ್ನ ಮೆಟ್ಟಿಲು ಹತ್ತಿರಲಿಲ್ಲ. ಅದನ್ನು ತಂದವಳು ಮಂಗಳಾ.

ಮಂಗಳಾ ಭದ್ರಾವತಿಯ ಓಲ್ಡ್ ಟೌನಿನವಳು. ಅಪ್ಪನದು ಬಟ್ಟೆ ಅಂಗಡಿ. ಹೈಸ್ಕೂಲಿನಲ್ಲಿದ್ದಾಗ ವಚನಗಳ ಕ್ಯಾಸೆಟ್ಟಿಗೆ ಕೋರಸ್ ಹಾಡಲು ನನ್ನಲ್ಲಿಗೆ ಬಂದಿದ್ದಳು. ಮಿಕ್ಕ ಹುಡುಗಿಯರು ಹಾಡಿ, ಬಾದಾಮಿ ಹಾಲು ಕುಡಿದು ಮನೆಗೆ ಹೊರಟರೆ ಇವಳು ನನ್ನ ಬೆನ್ನ ಹಿಂದೆ ನಿಂತು, ಈ ಗುಂಡಿ ಯಾತಕ್ಕೆ, ಆ ಗುಂಡಿ ಯಾತಕ್ಕೆ ಎಂದು ತಲೆ ತಿನ್ನುತ್ತಿದ್ದಳು. ಮುಂದೆ ಬೆಂಗಳೂರಿನಲ್ಲಿ ಕೀಬೋರ್ಡ್ ಪ್ರೋಗ್ರಾಮರ್ ಆದಳು. ಅಂದರೆ, ಸಂಗೀತ ನಿರ್ದೇಶಕರು ಬಾಯಲ್ಲಿ ಗುನುಗಿದ್ದನ್ನು ಕಂಪ್ಯೂಟರಿನಲ್ಲಿ ವಾದ್ಯಗಳಾಗಿ ಜೋಡಿಸಿಕೊಡುವ ಕೆಲಸ. ಎಷ್ಟೋ ಸಲ ಗುನುಗುವ ಕೆಲಸವೂ ಇವಳದೇ ಆಗಿರುತ್ತಿತ್ತಂತೆ, ಹೆಸರು ಮಾತ್ರ ಅವರದು. ಹೀಗೆ ಹತ್ತು ಹನ್ನೆರಡು ವರ್ಷ ಪರದೆಯ ಹಿಂದೆ ಸವೆದ ಮೇಲೆ ಎರಡು ಸಣ್ಣ ಚಿತ್ರಗಳಿಗೆ ಅವಳ ಹೆಸರಿನಲ್ಲೇ ಸಂಗೀತ ಕೊಡುವ ಅವಕಾಶ ಸಿಕ್ಕಿತು.

ಆ ಎರಡೂ ಚಿತ್ರಗಳನ್ನು ನಾನು ನೋಡಿದ್ದೆ, ಅದಕ್ಕಿಂತ ಹೆಚ್ಚಾಗಿ ಕೇಳಿದ್ದೆ. ಅವಳ ಹಾಡುಗಳಲ್ಲಿ ಪಲ್ಲವಿ ಮತ್ತು ಚರಣದ ನಡುವೆ ವಾದ್ಯಗಳ ಮೆರವಣಿಗೆ ಇರುವುದಿಲ್ಲ. ಅಲ್ಲಿ ಯಾವುದಾದರೂ ಮನೆಯ ಸದ್ದು ಬರುತ್ತದೆ. ಒಂದು ಚಿತ್ರದಲ್ಲಿ ನಾಯಕಿ ತವರಿಗೆ ಮರಳುವ ದೃಶ್ಯವಿತ್ತು. ನಾನು ಪಿಟೀಲಿಗೆ ಕಾಯುತ್ತಿದ್ದೆ. ಬಂದದ್ದು ನಲ್ಲಿಯಲ್ಲಿ ನೀರು ಬರುವ ಮೊದಲು ಗಾಳಿ ಬುಸುಗುಡುವ ಸದ್ದು. ಆ ಸದ್ದಿನ ಶ್ರುತಿಯಲ್ಲೇ ಹಾಡು ಎದ್ದಿತು. ಪಾತ್ರಗಳು ಅಳತೊಡಗಿದರೆ ಇವಳ ಸಂಗೀತ ನಿಂತುಬಿಡುತ್ತದೆ. ಯಾಕೆಂದು ಕೇಳಿದ್ದಕ್ಕೆ, ಅಳುವವರನ್ನು ಅವರ ಪಾಡಿಗೆ ಅಳಲು ಬಿಡಬೇಕು, ನಡುವೆ ನಮಗೇನು ಕೆಲಸ ಎಂದಿದ್ದಳು. ಮಟ್ಟು ಹಾಕುವ ಕ್ರಮವೂ ವಿಚಿತ್ರ. ಹೊಸ ಮಟ್ಟನ್ನು ತರಕಾರಿ ಹೆಚ್ಚುತ್ತಿರುವ ತಾಯಿಗೆ ಹೇಳಿಕೊಡುತ್ತಾಳೆ. ಮರುದಿನ ತಾಯಿ ಅದನ್ನು ಹೇಗೆ ಗುನುಗುತ್ತಾರೋ ಹಾಗೆಯೇ ತಿದ್ದಿಕೊಳ್ಳುತ್ತಾಳೆ. ಅಮ್ಮ ಮರೆತ ಸ್ವರ ಹಾಡಿಗೆ ಬೇಕಿಲ್ಲದ ಸ್ವರ ಎಂಬುದು ಅವಳ ಲೆಕ್ಕ. ಸಂಗೀತ ಕಲಿತ ನನ್ನ ಕೆಲವು ಗೆಳೆಯರು ಇದನ್ನು ಕೇಳಿ ನಕ್ಕಿದ್ದಾರೆ. ನನಗೆ ಮಾತ್ರ, ಈ ಹುಡುಗಿ ಕೆಲಸ ಮಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕೆಂಬ ಆಸೆ ಹುಟ್ಟಿತ್ತು.

ಆ ಆಸೆ ಅವಳ ಮೂರನೆಯ ಚಿತ್ರದಲ್ಲಿ ಈಡೇರಿತು. ದೊಡ್ಡ ನಿರ್ಮಾಪಕರು, ದೊಡ್ಡ ತಾರಾಗಣ. ಚಿತ್ರದ ಹೆಸರು ಇಲ್ಲಿ ಬೇಡ. ಲಾರಿ ಮೆಕ್ಯಾನಿಕ್ ಒಬ್ಬನ ಮಗಳ ಮದುವೆಯ ಕಥೆ, ಭದ್ರಾವತಿಯಂಥದೇ ಊರಿನ ಮುಸ್ಲಿಂ ಕುಟುಂಬ. ವರನ ತಾಯಿಯ ಪಾತ್ರದ ಹೆಸರು ಜುಬೇದಾ, ಕೊಟ್ಟದ್ದರಲ್ಲೆಲ್ಲ ಕೊರತೆ ಹುಡುಕುವ ಹೆಂಗಸು. ಮದುವೆಯ ಹಿಂದಿನ ದಿನ ಹೆಣ್ಣಿನ ಮನೆಯಲ್ಲಿ ಹೆಂಗಸರೆಲ್ಲ ಸೇರಿ ಹಾಡುವ ಒಂದು ಹಾಡು ಬೇಕಿತ್ತು. ಮಂಗಳಾ ಮಾಡಿದ ಮಟ್ಟುಗಳೆಲ್ಲ ಬೇರೆ ಚಿತ್ರಗಳ ಮೆಹಂದಿ ಹಾಡಿನಂತೆ ಕೇಳುತ್ತಿವೆ ಎಂದು ನಿರ್ದೇಶಕರು ತಿರಸ್ಕರಿಸಿದ್ದರು. ತಮಾಷೆಯೆಂದರೆ ಅವಳೂ ಅದನ್ನು ಒಪ್ಪಿದ್ದಳು. ನಿರ್ಮಾಪಕರ ತಾಳ್ಮೆ ತೀರಿತು. ವಾರದೊಳಗೆ ಹಾಡು ಬರದಿದ್ದರೆ ಆ ಒಂದನ್ನು ಬೇರೆ ಸಂಗೀತ ನಿರ್ದೇಶಕರಿಂದ ಮಾಡಿಸುವುದು, ಟೈಟಲ್ ಕಾರ್ಡಿನಲ್ಲಿ ಇಬ್ಬರ ಹೆಸರೂ ಹಾಕುವುದು ಎಂದು ತೀರ್ಮಾನಿಸಿದರು. ಬೇರೆಯವರಿಗೆ ಅದು ಸಣ್ಣ ಮಾತಿರಬಹುದು. ಅಷ್ಟು ವರ್ಷ ಹೆಸರಿಲ್ಲದೆ ದುಡಿದವಳಿಗೆ ಮೊದಲ ದೊಡ್ಡ ಚಿತ್ರದಲ್ಲೇ ಹೆಸರಿನ ಪಕ್ಕ ಇನ್ನೊಂದು ಹೆಸರು ಬಂದು ಕೂತರೆ, ಹಾಡನ್ನೆಲ್ಲ ಆತನೇ ಮಾಡಿದ ಎಂದು ಜನ ಹೇಳುವುದು ಗ್ಯಾರಂಟಿ. ಇದನ್ನು ಅವಳೇ ನನ್ನ ಸ್ಟುಡಿಯೊದಲ್ಲಿ ಕೂತು ಹೇಳಿದಳು.

ಅವಳಿಗೆ ಬೇಕಾಗಿದ್ದ ಹಾಡು ಅವಳ ಮನೆಯ ಕಾಂಪೌಂಡ್ ಗೋಡೆಯ ಆಚೆಗೇ ಇತ್ತು. ಓಲ್ಡ್ ಟೌನಿನಲ್ಲಿ ಅವರ ಪಕ್ಕದ ಮನೆ ನೂರುನ್ನೀಸಾ ಅವರದು. ಬೀದಿಗೆಲ್ಲ ಅವರು ನೂರ್ ಖಾಲಾ, ಅಂದರೆ ಚಿಕ್ಕಮ್ಮ. ಆ ಮನೆಯಲ್ಲಿ ಮದುವೆಯಾದಾಗಲೆಲ್ಲ ಹೆಂಗಸರು ಢೋಲಕ್ ಇಟ್ಟುಕೊಂಡು ದಖನಿಯಲ್ಲಿ, ಅಂದರೆ ಮನೆಯಲ್ಲಾಡುವ ಉರ್ದುವಿನಲ್ಲಿ, ಹಾಡುವುದನ್ನು ಮಂಗಳಾ ಗೋಡೆಯಾಚೆಯಿಂದ ಕೇಳುತ್ತ ಬೆಳೆದವಳು. ಹುಡುಗಿಯಾದ್ದರಿಂದ ಎಷ್ಟೋ ಸಲ ಒಳಗೆ ಹೋಗಿ ಚಪ್ಪಾಳೆ ತಟ್ಟಿಯೂ ಬಂದಿದ್ದಳು. ಬೀಗರನ್ನು ಗೇಲಿ ಮಾಡುವ ಹಾಡುಗಳು ಅವು. ಹಾಡಿನಲ್ಲಿ ಒಂದು ಕಡೆ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಆಯಾ ಮದುವೆಯ ಬೀಗಿತ್ತಿಯ ಹೆಸರನ್ನು ಸೇರಿಸಿ, ಆಕೆಯ ಜಿಪುಣತನವನ್ನೋ ಮೂಗನ್ನೋ ನಡಿಗೆಯನ್ನೋ ಹಿಡಿದು ಹಾಡುತ್ತಾರೆ. ಗಂಡಸರ ಎದುರು ಹಾಡುವ ಪದ್ಧತಿ ಇಲ್ಲ.

ನೂರ್ ಖಾಲಾ ಹಾಡಲು ಒಪ್ಪಿದರು, ಆದರೆ ಷರತ್ತು ಹಾಕಿದರು. ಹಾಡುವ ಕೋಣೆಗೆ ಗಂಡಸರು ಬರಕೂಡದು. ಅವರ ದನಿಯನ್ನು ಯಾವ ಗಂಡಸೂ ಕೇಳಕೂಡದು, ಸಿನಿಮಾದಲ್ಲಂತೂ ಬರಲೇಕೂಡದು. ಮಂಗಳಾ ಕೇಳಿ ಕಲಿತುಕೊಂಡ ಮೇಲೆ ಅಳಿಸಿಬಿಡಬೇಕು. ಕಾರಣವನ್ನೂ ಅವರೇ ಬಿಡಿಸಿ ಹೇಳಿದರಂತೆ. ಇದು ಮರ್ಯಾದೆಯ ಮಾತು ಮಾತ್ರ ಅಲ್ಲ, ಅವರ ಮೂವರು ಸೊಸೆಯರ ತವರಿನವರೂ ಸಿನಿಮಾ ನೋಡುವವರೇ.

ಷರತ್ತು ಕೇಳಿ ನಾನು ಕಕ್ಕಾಬಿಕ್ಕಿಯಾದೆ. ರೆಕಾರ್ಡಿಂಗ್ ಮಾಡುವವನು ಹೆಡ್‌ಫೋನಿನಲ್ಲಿ ಕೇಳುತ್ತಲೇ ಇರಬೇಕು, ಅದು ಈ ಕಸುಬಿನ ಅ ಆ ಇ ಈ. ಅಡುಗೆಯವನಿಗೆ ರುಚಿ ನೋಡಬೇಡ ಎಂದಂತಾಯಿತು.

“ಕೇಳ್ದೆ ಹೆಂಗೆ ಮಾಡೋದು ಮಾರಾಯ್ತಿ?” ಎಂದೆ.

“ಮೀಟರ್ ನೋಡ್ಕೊಂಡು ಮಾಡಿ ರುದ್ರೇಶಣ್ಣ. ಕಣ್ಣಿಗೆ ಯಾರೂ ಬೇಡ ಅಂದಿಲ್ಲ.”

ಮೀಟರ್ ಎಂದರೆ ದನಿಯ ಏರಿಳಿತ ತೋರಿಸುವ ಪಟ್ಟಿ. ಹಸಿರಿನಲ್ಲಿ ಕುಣಿದರೆ ಸರಿ, ಕೆಂಪು ಮುಟ್ಟಿದರೆ ದನಿ ಒಡೆದಿದೆ ಎಂದರ್ಥ. ಅದೊಂದನ್ನೇ ನಂಬಿ ಕೆಲಸ ಮಾಡಿದವರನ್ನು ನಾನು ಕಂಡಿರಲಿಲ್ಲ. ಆದರೆ ಕುತೂಹಲ ಕೆಟ್ಟದ್ದು, ಒಪ್ಪಿಕೊಂಡೆ.

ಮೈಕುಗಳನ್ನು ಎಲ್ಲಿಡಬೇಕೆಂದು ಮಂಗಳಾಳಿಗೆ ಮೊದಲೇ ಹೇಳಿಕೊಟ್ಟೆ. ಢೋಲಕ್ಕಿಗೆ ಒಂದು, ಚಪ್ಪಾಳೆಗೆ ಒಂದು, ಹಾಡುವವರ ನಡುವೆ ಒಂದು. ನಾನು ನೂರ್ ಖಾಲಾರ ಮನೆಯ ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಕೇಬಲ್ಲುಗಳು ಬಾಗಿಲ ಸಂದಿಯಿಂದ ಒಳಗೆ ಹೋದವು. ಸಂದಿಗೆ ಕಂಬಳಿ ತುರುಕಿದರು. ಸಾಲದೆಂದು ನನ್ನ ಪಕ್ಕದ ಕಿಟಕಿಯಲ್ಲಿ ಒಂದು ರೇಡಿಯೊ ಹಚ್ಚಿ, ಬೇಕಾದಷ್ಟು ಜೋರಾಗಿ ಕೃಷಿ ಕಾರ್ಯಕ್ರಮ ಹಾಕಿಟ್ಟರು. ಅಡಿಕೆಯ ಕೊಳೆರೋಗದ ಬಗ್ಗೆ ತಜ್ಞರೊಬ್ಬರು ಮಾತಾಡುತ್ತಿರುವಾಗ ನನ್ನ ಮುಂದಿನ ಪಟ್ಟಿಗಳು ಕುಣಿಯತೊಡಗಿದವು. ಢೋಲಕ್ಕಿನದು ಯಾವುದು, ಚಪ್ಪಾಳೆಯದು ಯಾವುದು ಎಂದು ಕಣ್ಣಿಗೇ ತಿಳಿಯುತ್ತಿತ್ತು. ಆಗಾಗ ಮೂರೂ ಒಟ್ಟಿಗೆ ಕೆಂಪಿಗೆ ನೆಗೆಯುತ್ತಿದ್ದವು. ಅದು ನಗು ಎಂದು ಊಹಿಸಿ ಲೆವೆಲ್ ಇಳಿಸಿದೆ. ಅಷ್ಟೊಂದು ನಗುವುದಕ್ಕೆ ಒಳಗೆ ಏನು ನಡೆಯುತ್ತಿರಬಹುದು ಎಂದು ಯೋಚಿಸಿ ಯೋಚಿಸಿ ನನಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ.

ಮರುದಿನ ಮಂಗಳಾ ಸ್ಟುಡಿಯೊದಲ್ಲಿ ಒಬ್ಬಳೇ ಕೂತು ಅದನ್ನು ಕೇಳಿದಳು. ನನ್ನದೇ ಸ್ಟುಡಿಯೊದಿಂದ ನನ್ನನ್ನೇ ಹೊರಗಟ್ಟಿದ್ದಳು. ಎದುರಿನ ಟೀ ಅಂಗಡಿಯಲ್ಲಿ ನಾನು ಪೇಪರನ್ನು ತಿರುವಿಹಾಕುತ್ತಿದ್ದಾಗ ಮುಖ ಸಣ್ಣಗೆ ಮಾಡಿಕೊಂಡು ಬಂದು ಪಕ್ಕದಲ್ಲಿ ಕುಸಿದಳು. ಅವಳ ಆಲೋಚನೆ ಹೀಗಿತ್ತು. ಢೋಲಕ್, ಚಪ್ಪಾಳೆ, ನಗು ಇಷ್ಟನ್ನೂ ಉಳಿಸಿಕೊಂಡು ಹಾಡುವ ದನಿಯನ್ನು ಮಾತ್ರ ತೆಗೆಯುವುದು. ಅಷ್ಟಕ್ಕೆ ನೂರ್ ಖಾಲಾರ ಅಡ್ಡಿಯಿರಲಿಲ್ಲ. ಆದರೆ ಒಂದೇ ಕೋಣೆಯಲ್ಲಿ ಎಲ್ಲರೂ ಒತ್ತಾಗಿ ಕೂತರೆ ಒಬ್ಬರ ದನಿ ಪಕ್ಕದ ಮೈಕಿಗೂ ನುಗ್ಗುತ್ತದೆ. ಇದನ್ನು ನಮ್ಮಲ್ಲಿ ಬ್ಲೀಡ್ ಎನ್ನುತ್ತಾರೆ. ಢೋಲಕ್ಕಿನ ಮೈಕಿನಲ್ಲೂ ನೂರ್ ಖಾಲಾ, ಚಪ್ಪಾಳೆಯ ಮೈಕಿನಲ್ಲೂ ನೂರ್ ಖಾಲಾ. ದನಿ ಬೇರ್ಪಡಿಸುವ ಸಾಫ್ಟ್‌ವೇರ್ ಹಾಕಿ ನೋಡಿದರೆ ಚಪ್ಪಾಳೆಗಳು ನೀರಿನಲ್ಲಿ ಮುಳುಗಿದಂತೆ ಕೇಳುತ್ತಿದ್ದವಂತೆ. ಅಷ್ಟರಲ್ಲಿ ನಿರ್ಮಾಪಕರ ಫೋನ್ ಬಂತು. ಅವಳು ವಿಷಯ ಹೇಳಿದಳು. ದನಿ ಇದ್ದರೆ ಇರಲಿ, ಊರಿನ ಹೆಂಗಸರು ಕೋರ್ಟಿಗೆ ಬರುತ್ತಾರೆಯೇ, ಹಾಗೇ ಕಳಿಸಿ ಎಂದರು ಅವರು. ಅವಳು ಫೋನ್ ಇಟ್ಟಳು.

ಮತ್ತೆ ಓಲ್ಡ್ ಟೌನಿಗೆ ಹೋದೆವು. ಹಾಡಬೇಡಿ, ಮನಸ್ಸಿನಲ್ಲೇ ಹಾಡಿಕೊಂಡು ಬರೀ ಚಪ್ಪಾಳೆ ತಟ್ಟಿ ಎಂದು ಮಂಗಳಾ ಕೇಳಿಕೊಂಡಳು. ದನಿ ಇಲ್ಲದ್ದರಿಂದ ಈ ಸಲ ನನಗೆ ಹೆಡ್‌ಫೋನ್ ಹಾಕಿಕೊಳ್ಳುವ ಅಪ್ಪಣೆ ಸಿಕ್ಕಿತು. ಕೇಳಿಸಿದ್ದು ಶಾಲೆಯಲ್ಲಿ ಅತಿಥಿಗಳ ಭಾಷಣ ಮುಗಿದಾಗ ಮಕ್ಕಳು ತಟ್ಟುವಂಥ ಚಪ್ಪಾಳೆ. ಢೋಲಕ್ ಹುಡುಗಿ ತಾಳ ತಪ್ಪಿದಳು. ನಗುವಂತೂ ಇಲ್ಲವೇ ಇಲ್ಲ. ಮಂಗಳಾ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. ನಗು ಇಲ್ಲದಿದ್ದರೆ ಹಾಡೇ ಇಲ್ಲ ಅಣ್ಣ ಎಂದಳು.

ಯೋಚಿಸಿದೆ. ಸಿನಿಮಾ ಗಾಯಕರು ಹಾಡುವಾಗ ವಾದ್ಯಗಳು ಜೊತೆಯಲ್ಲಿ ಇರುವುದಿಲ್ಲ. ಮೊದಲೇ ನುಡಿಸಿಟ್ಟ ಟ್ರ್ಯಾಕನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಹಾಡುತ್ತಾರೆ. ಅದನ್ನೇ ತಿರುಗಿಸಿದರೆ ಆಯಿತಲ್ಲ. ಮೊದಲ ದಿನದ ಹಾಡನ್ನು ಈ ಹೆಂಗಸರ ಕಿವಿಗೇ ಹಾಕೋಣ, ಅದನ್ನು ಕೇಳುತ್ತ ಅವರು ತಟ್ಟಲಿ, ನಗಲಿ. ಮಂಗಳಾ ನನ್ನ ಮುಖವನ್ನು ಒಂದು ಕ್ಷಣ ನೋಡಿ ಒಳಗೆ ಓಡಿದಳು. ಸ್ಟುಡಿಯೊದಿಂದ, ನನ್ನ ಗೆಳೆಯನ ಕಂಪ್ಯೂಟರ್ ತರಬೇತಿ ಕೇಂದ್ರದಿಂದ ಸಿಕ್ಕ ಹೆಡ್‌ಫೋನುಗಳನ್ನೆಲ್ಲ ತರಿಸಿದೆವು.

ಮೊದಲಿಗೆ ಅವರಿಗೆ ತಮ್ಮ ದನಿಯನ್ನೇ ಕೇಳಿ ನಾಚಿಕೆಯಾಯಿತು. ಒಬ್ಬಾಕೆ ಅಭ್ಯಾಸಬಲದಿಂದ ಗಟ್ಟಿಯಾಗಿ ಹಾಡಿಬಿಡಲು ಹೋದಳು, ಯಾರೋ ಬಾಯಿ ಮುಚ್ಚಿದ ಸದ್ದು ನನ್ನ ಹೆಡ್‌ಫೋನಿಗೆ ಕೇಳಿಸಿತು. ಇನ್ನೊಂದು ಸಲ ತೀರಾ ಸಣ್ಣದಾಗಿ ದನಿಯೊಂದು ಸುಳಿದಂತಾಯಿತು. ಯಾರದೋ ಹೆಡ್‌ಫೋನ್ ಸಡಿಲವಾಗಿ ಕಿವಿಯಿಂದ ಜಾರಿತ್ತು. ನಾನು ತಟ್ಟನೆ ನನ್ನದನ್ನು ತೆಗೆದು, ಬಾಗಿಲು ಬಡಿದು, ಬಿಗಿಯಾಗಿ ಹಿಡಿದುಕೊಳ್ಳಿ ಎಂದು ಕೂಗಿದೆ.

ಆಮೇಲೆ ಅದು ಬಂತು. ಢೋಲಕ್ ಚುರುಕಾಗಿ ಎದ್ದಿತು. ಚಪ್ಪಾಳೆ ಒಬ್ಬರದು ಮುಂದೆ, ಇನ್ನೊಬ್ಬರದು ಒಂದು ಕೂದಲಷ್ಟು ಹಿಂದೆ, ಬಳೆಗಳ ಸದ್ದು ಬೇರೆ. ನಡುನಡುವೆ ಎಲ್ಲವೂ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಮೌನದಲ್ಲಿ ಅವರ ಕಿವಿಗೆ ಏನೋ ಬೀಳುತ್ತಿತ್ತು, ಮರುಕ್ಷಣ ಕೋಣೆಯೆಲ್ಲ ಘೊಳ್ಳೆಂದು ನಗುತ್ತಿತ್ತು. ಬೀಗಿತ್ತಿಯ ಹೆಸರು ಬರುವ ಜಾಗ ಅದೇ ಇರಬೇಕು ಎಂದುಕೊಂಡೆ. ಯಾರ ಹೆಸರು, ಏನು ಬೈಗಳು, ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೂ ನಾನು ಜಗುಲಿಯ ಮೇಲೆ ಒಬ್ಬನೇ ಕೂತು ಅವರ ಜೊತೆ ನಗುತ್ತಿದ್ದೆ. ಅಷ್ಟು ವರ್ಷದ ಕೆಲಸದಲ್ಲಿ ಅಷ್ಟು ಸಂತೋಷ ನನಗೆ ಆಗಿದ್ದು ಕಡಿಮೆ.

ಕೆಲಸ ಮುಗಿದ ಮೇಲೆ ಅಳಿಸುವ ಮಾತು ಬಂತು. ನೂರ್ ಖಾಲಾ ತಲೆಯ ಮೇಲೆ ಸೆರಗೆಳೆದುಕೊಂಡು ಜಗುಲಿಗೆ ಬಂದು ಕೂತರು. ದಪ್ಪ ಕನ್ನಡಕ, ಬಾಯಲ್ಲಿ ಎಲೆಯಡಿಕೆ, ಎಲ್ಲವನ್ನೂ ತೂಗುವ ನೋಟ. ಮಂಗಳಾ ತನ್ನ ಲ್ಯಾಪ್‌ಟಾಪಿನಿಂದ ಮೊದಲ ದಿನದ ಹಾಡನ್ನು ಅವರೆದುರೇ ಅಳಿಸಿದಳು. ನಾನು ರೆಕಾರ್ಡರಿನ ಮೆಮೊರಿ ಕಾರ್ಡಿನಿಂದಲೂ ಅದನ್ನು ಅಳಿಸಿದೆ. ಅವರು ಸರಿ ಎಂದು ಏಳಲು ಹೊರಟರು.

ನನ್ನ ರೆಕಾರ್ಡರಿನಲ್ಲಿ ಎರಡು ಕಾರ್ಡುಗಳಿರುತ್ತವೆ. ಒಂದು ಕೈಕೊಟ್ಟರೆ ಇರಲಿ ಎಂದು ಯಂತ್ರವೇ ಎರಡಕ್ಕೂ ಬರೆಯುತ್ತದೆ. ಬ್ಯಾಕಪ್ ಇಲ್ಲದೆ ನಮ್ಮ ಕಸುಬಿನವರು ಮನೆಗೆ ಹೋಗುವುದಿಲ್ಲ. ಎರಡನೆಯ ಕಾರ್ಡು ಮೊದಲ ದಿನದಿಂದಲೂ ನನ್ನ ಅಂಗಿಯ ಜೇಬಿನಲ್ಲಿತ್ತು. ಮಂಗಳಾಳಿಗೂ ಅದು ಗೊತ್ತಿರಲಿಲ್ಲ. ಕೇಳಿಬಿಡಬೇಕು ಎಂಬ ಆಸೆ ನನಗೆ ಎಷ್ಟಿತ್ತೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಮನೆಯಲ್ಲಿ ಅಂಗಿ ಬದಲಿಸುವಾಗ ಅದನ್ನು ತೆಗೆದು ಈ ಜೇಬಿನಿಂದ ಆ ಜೇಬಿಗೆ ಹಾಕಿಕೊಂಡಿದ್ದೆ, ಯಂತ್ರಕ್ಕೆ ಮಾತ್ರ ಹಾಕಿರಲಿಲ್ಲ.

“ಖಾಲಾ, ಕೂತ್ಕೊಳ್ಳಿ. ಇನ್ನೊಂದಿದೆ,” ಎಂದು ಜೇಬಿನಿಂದ ತೆಗೆದು ಅವರ ಮುಂದಿನ ಸ್ಟೂಲಿನ ಮೇಲಿಟ್ಟೆ.

ಅವರು ಕಾರ್ಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಇಷ್ಟು ಸಣ್ಣದರಲ್ಲಿ ನಾವೆಲ್ಲ ಇದೀವಾ ಎಂದು ಕೇಳಿದರು. ಆಮೇಲೆ ಅಳಿಸಲೂ ಬಿಡಲಿಲ್ಲ, ಎಲೆಯಡಿಕೆಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿಕೊಂಡು ಒಳಗೆ ಹೋದರು.

ನಿರ್ಮಾಪಕರೂ ನಿರ್ದೇಶಕರೂ ಹಾಡು ಕೇಳಲು ಶಿವಮೊಗ್ಗಕ್ಕೇ ಬಂದರು. ಮಂಗಳಾ ಅದಕ್ಕೆ ಸೇರಿಸಿದ್ದು ಒಂದೇ ಒಂದು, ಅಡಿಯಲ್ಲಿ ಹಾರ್ಮೋನಿಯಮ್ಮಿನ ಒಂದು ಸ್ವರ. ಹಾಡಬೇಕಾದ ದನಿಗೆ ಶ್ರುತಿ ಹಿಡಿದುಕೊಟ್ಟು, ಆ ದನಿಯ ಜಾಗವನ್ನು ಖಾಲಿ ಬಿಟ್ಟಿದ್ದಳು. ಹಾಡು ಮುಗಿಯಿತು. ನಿರ್ಮಾಪಕರು ಇನ್ನೂ ಕಾಯುತ್ತಿದ್ದರು.

“ಹಾಡೋರು ಎಲ್ಲಿ ಮೇಡಂ?”

“ಬಾಗಿಲ ಒಳಗಿದ್ದಾರೆ ಸರ್. ನಾವು ಹೊರಗಿದೀವಿ.”

ದನಿ ಇರುವ ರೆಕಾರ್ಡಿಂಗ್ ಕೊಡಿ ಎಂದರು. ಇಲ್ಲ, ಅಳಿಸಿಯಾಯಿತು ಎಂದಳು. ಅವರ ಮುಖ ಕೆಂಪಾಯಿತು. ಹಾಡಿಲ್ಲದ ಹಾಡಿಗೆ ನಾನು ಸೆಟ್ ಹಾಕಿಸಬೇಕಾ, ಇದನ್ನು ಬೇರೆಯವರಿಗೆ ಕೊಡುವುದೇ ಸರಿ ಎಂದು ಎದ್ದುನಿಂತರು. ಮಂಗಳಾ ನಿರ್ದೇಶಕರ ಕಡೆ ತಿರುಗಿದಳು.

“ಸರ್, ಕ್ಯಾಮೆರಾನ ಒಳಗೆ ತಗೊಂಡು ಹೋಗ್ಬೇಡಿ. ರುದ್ರೇಶಣ್ಣ ಕೂತಿದ್ದ ಜಾಗದಲ್ಲಿ ಇಡಿ. ಅಲ್ಲಿ ಹುಡುಗಿ ಅಪ್ಪ ಕೂತಿರ್ಲಿ. ಮಗಳು ಒಳಗೆ ನಗ್ತಿದ್ದಾಳೆ, ಯಾಕೆ ಅಂತ ಅವ್ನಿಗೆ ಗೊತ್ತಾಗಲ್ಲ. ನಾಳೆಯಿಂದ ಆ ನಗೂನೂ ಇರಲ್ಲ.”

ನಿರ್ದೇಶಕರು ಇನ್ನೊಮ್ಮೆ ಹಾಕಿ ಎಂದು ನನಗೆ ಸನ್ನೆ ಮಾಡಿದರು. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಾನು ಯಾವ ಕಡೆ ಮುಖ ಮಾಡಿ ಕೂತಿದ್ದೆ, ಬಾಗಿಲು ಎಷ್ಟು ದೂರವಿತ್ತು, ಕುರ್ಚಿ ಎಂಥದ್ದು ಎಂದು ಕೇಳಿ ತಿಳಿದುಕೊಂಡರು. ನಿರ್ಮಾಪಕರಿಗೆ ಹಾಡು ಅರ್ಥವಾಯಿತೋ, ಕೋಣೆಯೊಳಗಿನ ಸೆಟ್ಟಿನ ಖರ್ಚು ಉಳಿದದ್ದು ಅರ್ಥವಾಯಿತೋ ಹೇಳಲಾರೆ. ಬೇರೆಯವರ ಮಾತು ಮತ್ತೆ ಬರಲಿಲ್ಲ.

ಚಿತ್ರ ಬಿಡುಗಡೆಯಾದಾಗ ಭದ್ರಾವತಿಯಲ್ಲಿ ಮ್ಯಾಟಿನಿಗೆ ಹೋದೆ. ಟೈಟಲ್ ಕಾರ್ಡಿನಲ್ಲಿ ಸಂಗೀತ ಎಂದು ಬರೆದು ಅದರ ಕೆಳಗೆ ಮಂಗಳಾಳ ಹೆಸರೊಂದೇ ಇತ್ತು. ಅಷ್ಟು ನೋಡಿಯೇ ನನ್ನ ಟಿಕೆಟ್ಟಿನ ದುಡ್ಡು ಹುಟ್ಟಿತು. ಆ ದೃಶ್ಯ ಬಂತು. ಜಗುಲಿ, ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಅಪ್ಪ. ಢೋಲಕ್ ಶುರುವಾಯಿತು, ಚಪ್ಪಾಳೆ ಸೇರಿಕೊಂಡಿತು. ಹಾರ್ಮೋನಿಯಂ ಶ್ರುತಿ ಹಿಡಿದು ಕಾಯುತ್ತಿತ್ತು.

ಆಗ ಹಿಂದಿನ ಸಾಲುಗಳ ಕತ್ತಲಿನಿಂದ ವಯಸ್ಸಾದ ಹೆಂಗಸೊಬ್ಬರ ದನಿ ಎದ್ದಿತು. ಸಣ್ಣಗೆ, ಆದರೆ ಹಾರ್ಮೋನಿಯಮ್ಮಿನ ಶ್ರುತಿಗೆ ಸರಿಯಾಗಿ. ಅದರ ಹಿಂದೆ ಇನ್ನಷ್ಟು ದನಿಗಳು. ಮಾತುಗಳು ದಖನಿಯವು, ನನಗೆ ಅರ್ಧ ತಿಳಿದವು, ಅರ್ಧ ಇಲ್ಲ. ಪರದೆಯಲ್ಲಿ ಚಪ್ಪಾಳೆ ನಿಂತಿತು. ಖಾಲಿ ಬಿಟ್ಟ ಆ ಗಳಿಗೆ ಬಂತು. ಹಿಂದಿನ ಸಾಲು ಅದರೊಳಗೆ ವರನ ತಾಯಿಯ ಹೆಸರನ್ನು ಸ್ಪಷ್ಟವಾಗಿ ಇಟ್ಟಿತು: ಜುಬೇದಾ.

ಪರದೆಯೊಳಗಿನ ಕೋಣೆ ಘೊಳ್ಳೆಂದು ನಕ್ಕಿತು. ಅದೇ ಕ್ಷಣಕ್ಕೆ ಇಡೀ ಥಿಯೇಟರ್ ನಕ್ಕಿತು. ನಾನೇ ಹಿಡಿದಿಟ್ಟ ನಗು ಯಾವುದು, ಈಗಿನದು ಯಾವುದು ಎಂದು ನನ್ನ ಕಿವಿಗೂ ಬೇರ್ಪಡಿಸಲಾಗಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಹಿಂದೆ ತಿರುಗಿ ನೋಡಬೇಕೆಂದು ಕುತ್ತಿಗೆ ಒದ್ದಾಡಿತು, ತಿರುಗಲಿಲ್ಲ.

ನಾನೀಗ ಕೆಲಸ ಬಿಟ್ಟು ರವೀಂದ್ರನಗರದ ಮನೆಯಲ್ಲಿ ಕೂತಿದ್ದೇನೆ. ಸಿಕ್ಕಿದ್ದನ್ನೆಲ್ಲ ಹಿಡಿದಿಡುವುದೇ ಈ ಕಸುಬು ಎಂದು ನಾನು ನಂಬಿದ್ದೆ, ನನ್ನ ಬಳಿ ಕಲಿಯಲು ಬಂದವರಿಗೂ ಹಾಗೆಯೇ ಹೇಳಿಕೊಟ್ಟಿದ್ದೆ. ಹಿಡಿಯದೆ ಬಿಟ್ಟ ಜಾಗದಲ್ಲೂ ಹಾಡು ಇರುತ್ತದೆ, ಅದರ ವಾರಸುದಾರರು ಬಂದು ಹಾಡಿಕೊಳ್ಳುತ್ತಾರೆ ಎಂಬುದನ್ನು ಕಲಿಸಿದ್ದು ಮಂಗಳಾ. ಯಾರಾದರೂ ಹೊಸಬರು ಸಲಹೆ ಕೇಳಿದರೆ ಈಗ ನಾನು ಇದನ್ನೂ ಸೇರಿಸಿ ಹೇಳುತ್ತೇನೆ.

ಆ ದಿನ ಚಿತ್ರ ಮುಗಿದು ಹೊರಗೆ ಬಂದಾಗ ನೂರ್ ಖಾಲಾ ತಮ್ಮ ದಂಡು ಕಟ್ಟಿಕೊಂಡು ಆಟೊ ಹತ್ತುತ್ತಿದ್ದರು. ನನ್ನನ್ನು ಕಂಡು ಒಂದು ಕಾಲು ನೆಲದಲ್ಲೇ ಇಟ್ಟು ನಿಂತರು. ಅದೇ ತೂಗುವ ನೋಟ.

“ಏನ್ ರುದ್ರೇಶ್ ಭಾಯ್, ಒಳಗೆ ಏನಾದ್ರೂ ಕೇಳಿಸ್ತಾ?”

“ಇಲ್ಲ ಖಾಲಾ,” ಎಂದೆ. “ನಂಗೇನೂ ಕೇಳಿಸ್ಲಿಲ್ಲ.”

ಅವರು ಎಲೆಯಡಿಕೆಯ ಡಬ್ಬಿ ತೆಗೆದು ನನಗೊಂದು ಬೀಡಾ ಕಟ್ಟಿಕೊಟ್ಟು ಆಟೊ ಹತ್ತಿದರು. ಡಬ್ಬಿಯ ಮೂಲೆಯಲ್ಲಿ ನನ್ನ ಕಾರ್ಡು ಸುಣ್ಣ ಮೆತ್ತಿಕೊಂಡು ಇನ್ನೂ ಕೂತಿತ್ತು.